ಕ್ಯಾರೋ-ಕಾನ್‌ನಲ್ಲಿ ಏಳನೇ ನಡೆಗೆ ಎಚ್6 ಆಡಿ ಮಗಳು ಸೋತಳು. ಓಪನಿಂಗ್ ಬದಲಿಸಬೇಕಾ?

ಪುಟ್ಟಿಯಪ್ಪ · ಹಾಸನ · ಭಾನುವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಕಾಯಿಗಳು ಹೇಗೆ ನಡೆಯುತ್ತವೆ ಅನ್ನುವಷ್ಟು ಚೆಸ್ ನನಗೆ ಗೊತ್ತು. ಆಡುವವಳು ಮಗಳು. 11 ವರ್ಷ. ಎದುರಿನವರು ಇ4 ಆಡಿದರೆ ಅವಳ ಉತ್ತರ ಯಾವಾಗಲೂ ಕ್ಯಾರೋ-ಕಾನ್ ಓಪನಿಂಗ್, ಅಂದರೆ ಸಿ6ರಿಂದ ಶುರುವಾಗುವ ನಡೆಗಳ ಕ್ರಮ. ಹೋದ ವರ್ಷ ಕೋಚ್ ಒಂದು ಹಾಳೆಯಲ್ಲಿ ನಡೆಗಳನ್ನು ಬರೆದುಕೊಟ್ಟಿದ್ದರು. ಅದನ್ನು ಮಗ್ಗಿ ಹಾಗೆ ಬಾಯಿಪಾಠ ಮಾಡಿದ್ದಾಳೆ.

ನಿನ್ನೆ ತುಮಕೂರಿನಲ್ಲಿ ಮಕ್ಕಳ ಟೂರ್ನಿ ಇತ್ತು. ಮೂರು ಸುತ್ತು ಗೆದ್ದು ನಾಲ್ಕನೆಯದಕ್ಕೆ ಕೂತಳು. ಎದುರಿಗೆ ಇವಳಿಗಿಂತ ಚಿಕ್ಕ ಹುಡುಗ. ಸ್ಕೋರ್ ಶೀಟ್ ನೋಡಿಕೊಂಡು ಬರೆಯುತ್ತಿದ್ದೇನೆ. ಕು ಅಂದರೆ ಕುದುರೆ, ಒಂ ಅಂದರೆ ಒಂಟೆ, × ಅಂದರೆ ಹೊಡೆತ. ಇ4 ಅಂದರೆ ಇ ಸಾಲಿನ 4ನೇ ಮನೆ. ಪ್ರತಿ ಸಾಲಿನಲ್ಲಿ ಮೊದಲು ಅವನ ಬಿಳಿ ನಡೆ, ಆಮೇಲೆ ಇವಳ ಕಪ್ಪು ನಡೆ.

1. ಇ4 ಸಿ6
2. ಡಿ4 ಡಿ5
3. ಕು-ಸಿ3 ಡಿ×ಇ4
4. ಕು×ಇ4 ಕು-ಡಿ7
5. ಕು-ಜಿ5 ಕು-ಎಫ್6 (ಜಿ8ರ ಕುದುರೆ)
6. ಒಂ-ಡಿ3 ಇ6
7. ಕು-ಎಫ್3 (ಜಿ1ರ ಕುದುರೆ) ಎಚ್6
8. ಕು×ಇ6

ಕುದುರೆ ಪುಕ್ಕಟೆ ಸಿಕ್ಕಿತು ಅಂದುಕೊಂಡು ಇವಳು ಎಫ್ ಕಾಲಾಳಿನಿಂದ ಹೊಡೆದಳು. ಅವನು ಒಂಟೆಯನ್ನು ಜಿ6ಕ್ಕೆ ತಂದು ಚೆಕ್ ಕೊಟ್ಟ. ರಾಜ ಇ7ಕ್ಕೆ ಹೋಗಲೇಬೇಕು, ಬೇರೆ ಮನೆಯೇ ಇಲ್ಲ. ಶೀಟಿನಲ್ಲಿ ಅಲ್ಲಿಂದ ಮುಂದೆ ಅಕ್ಷರ ಸಣ್ಣದಾಗುತ್ತಾ ಹೋಗಿದೆ. 20ನೇ ನಡೆ ಓದುವುದಕ್ಕೇ ಆಗುವುದಿಲ್ಲ. 22ಕ್ಕೆ ಮೇಟ್. ಐದನೇ ಸುತ್ತನ್ನೂ ಸೋತಳು. ವಾಪಸ್ ಬರುವಾಗ ಬಸ್ಸು ತಿಪಟೂರು ದಾಟುವವರೆಗೂ ಒಂದು ಮಾತಾಡಲಿಲ್ಲ.

ಕೋಚ್‌ಗೆ ಫೋನ್ ಮಾಡಿದೆ. "ಕ್ಯಾರೋ-ಕಾನ್ ಮಕ್ಕಳಿಗೆ ಸರಿಯಲ್ಲ, ಸಿಸಿಲಿಯನ್‌ಗೆ ಬದಲಿಸೋಣ, ಅದಕ್ಕೆ ಬೇರೆ ಬ್ಯಾಚ್, ಬೇರೆ ಫೀಸ್" ಅಂದರು. ಕಲಿಸಿದ್ದು ಅವರೇ ಅಲ್ವಾ? ಫೀಸ್ ಕೊಡುವುದಕ್ಕೆ ಬೇಸರವಿಲ್ಲ. ಆದರೆ ಒಂದು ವರ್ಷ ಕಲಿತದ್ದನ್ನು ಎಸೆಯಬೇಕಾ? ತಪ್ಪು ಓಪನಿಂಗ್‌ದಾ, ಇವಳದ್ದಾ? ತಿಳಿದವರು ಹೇಳಿ.

ಕಪ್ಪುಕುದುರೆ · ಭಾನುವಾರ ರಾತ್ರಿ 9:31

ಸರ್, ನಿಮ್ಮ ಮಗಳು ಸೋತದ್ದು ಲೋಕಪ್ರಸಿದ್ಧ ಆಟವೊಂದರ ದಾರಿಯಲ್ಲಿ. 1997ರ ಮೇ 11, ನ್ಯೂಯಾರ್ಕ್. ಐಬಿಎಂನ ಡೀಪ್ ಬ್ಲೂ ಕಂಪ್ಯೂಟರ್ ವಿರುದ್ಧ ಆಗಿನ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್, ಆರನೇ ಆಟ, ಕೊನೆಯ ಆಟ. ಅಲ್ಲಿವರೆಗೆ ಇಬ್ಬರದ್ದೂ ಎರಡೂವರೆ ಅಂಕ. ಕಪ್ಪು ಕಾಯಿ ಕಾಸ್ಪರೋವ್‌ದು. ನೀವು ಬರೆದ ಎಂಟು ಸಾಲೂ ಹಾಗೆಹಾಗೇ ಆ ಆಟದ್ದು. ಅವರೂ ಏಳಕ್ಕೆ ಎಚ್6 ನೂಕಿದರು. ಯಂತ್ರವೂ ಎಂಟಕ್ಕೆ ಕುದುರೆ ಬಲಿ ಕೊಟ್ಟಿತು.

ಕಾಸ್ಪರೋವ್ 19 ನಡೆಗೆ ಸೋಲೊಪ್ಪಿದರು. ನಿಮ್ಮ ಮಗಳು 22ರವರೆಗೆ ತಡೆದಿದ್ದಾಳೆ. ಮೊದಲು ಅವಳಿಗೆ ಇದನ್ನು ಹೇಳಿ.

ಸುಮ್ನೆ_ಓದೋನು · 9:34

ಮೈ ಜುಮ್ ಅಂತು ಇದನ್ನು ಓದಿ.

ಬಿಳಿಕಾಲಾಳು · 9:40

@ಕಪ್ಪುಕುದುರೆ ಸೋಲೊಪ್ಪುವುದು ಬೇರೆ, ಮೇಟ್ ಆಗುವುದು ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಮಗುವಿಗೆ ಸಮಾಧಾನ ಹೇಳಿ, ಬೇಡ ಅನ್ನುವುದಿಲ್ಲ. ಆದರೆ ಅಪ್ಪನಿಗೆ ಬೇಕಾಗಿರುವುದು ಉತ್ತರ.

ನನ್ನ ಉತ್ತರ ಇದು: 11 ವರ್ಷದ ಮಗುವಿಗೆ ಓಪನಿಂಗ್ ಬಾಯಿಪಾಠವೇ ಬೇಡ. ಇ4ಗೆ ಇ5 ಆಡಲಿ. ಕಾಯಿ ಹೊರಗೆ ತರಲಿ, ಕ್ಯಾಸ್ಲಿಂಗ್ ಮಾಡಿ ರಾಜನನ್ನು ಆನೆಯ ಪಕ್ಕ ಭದ್ರ ಮಾಡಲಿ. ದಿನಾ ಹತ್ತು ಟ್ಯಾಕ್ಟಿಕ್ಸ್ ಒಗಟು ಬಿಡಿಸಲಿ. ಓಪನಿಂಗ್ ಆಮೇಲೆ ನೋಡಿಕೊಂಡರಾಯಿತು.

ಶಿವಮೊಗ್ಗದ_ಆಟಗಾರ್ತಿ · 9:58

ಪುಟ್ಟಿಯಪ್ಪ ಅವರೇ, ನಾನು ಊರಿನಲ್ಲಿ ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ಬೋರ್ಡ್ ಮುಂದಿಟ್ಟುಕೊಂಡು ಓದಿ, ಮಗಳನ್ನೂ ಕೂರಿಸಿಕೊಳ್ಳಿ.

ಏಳನೇ ನಡೆಗೆ ಮುಂಚೆ ಕಪ್ಪಿನ ರಾಜನ ಸುತ್ತ ನೋಡಿ. ಜಿ6 ಮನೆಯನ್ನು ಎರಡು ಕಾಲಾಳು ಕಾಯುತ್ತಿವೆ, ಎಫ್7ರದ್ದು ಮತ್ತು ಎಚ್7ರದ್ದು. ಎಚ್6 ನೂಕಿದ ಕೂಡಲೇ ಒಂದು ಕಾವಲು ಹೋಯಿತು. ಇನ್ನು ಉಳಿದಿದ್ದು ಎಫ್7. ಬಿಳಿ ಕುದುರೆ ಇ6ರಲ್ಲಿ ಬಂದು ಕೂತದ್ದೇ ಆ ಎಫ್7 ಕಾಲಾಳನ್ನು ಎಳೆಯುವುದಕ್ಕೆ. ಅದು ಕುದುರೆ ಹೊಡೆದು ಇ6ಕ್ಕೆ ಹೋದರೆ ಜಿ6 ಬಾಗಿಲಿಲ್ಲದ ಮನೆ. ಒಂಟೆ ಅಲ್ಲಿ ಬಂದು ಕೂತರೆ ಎಬ್ಬಿಸುವುದಕ್ಕೆ ಒಂದು ಕಾಲಾಳೂ ಇಲ್ಲ. ಆಟ ಮುಗಿಯುವವರೆಗೂ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳು ಹಾಗೆ.

ಈಗ ರಾಜನನ್ನು ನೋಡಿ. ಡಿ8ರಲ್ಲಿ ಮಂತ್ರಿ, ಡಿ7ರಲ್ಲಿ ಕುದುರೆ, ಎಫ್8ರಲ್ಲಿ ಒಂಟೆ. ಎಲ್ಲಾ ತನ್ನದೇ ಕಾಯಿ. ಓಡುವುದಕ್ಕೆ ಇ7 ಒಂದೇ. ಇ7ರಲ್ಲಿ ರಾಜ ಕೂತರೆ ಹಿಂದಿನ ಒಂಟೆ ಹೊರಗೆ ಬರುವ ಹಾಗಿಲ್ಲ. ಆ ಒಂಟೆ ಬರದೆ ಮೂಲೆಯ ಆನೆ ಬರುವ ಹಾಗಿಲ್ಲ. ಒಂದು ಕುದುರೆ ಕೊಟ್ಟು ಅವನು ಮೂರು ಕಾಯಿ ಕಟ್ಟಿಹಾಕಿದ.

ಹಾಗಾದರೆ ಏಳಕ್ಕೆ ಏನು ಆಡಬೇಕಿತ್ತು? ಒಂಟೆ ಡಿ6. ಅಷ್ಟೇ. ಬಿಳಿ ಸಾಮಾನ್ಯವಾಗಿ ಮಂತ್ರಿಯನ್ನು ಇ2ಕ್ಕೆ ತರುತ್ತದೆ. ಆಗ ಎಚ್6 ನೂಕಿ. ಈಗಲೂ ಅವನು ಇ6ರಲ್ಲಿ ಕುದುರೆ ಬಲಿ ಕೊಟ್ಟು ಜಿ6ರಿಂದ ಚೆಕ್ ಕೊಡಬಹುದು. ಆದರೆ ಎಫ್8 ಖಾಲಿ ಇದೆ, ರಾಜ ಪಕ್ಕಕ್ಕೆ ಜರುಗಿ ಕೂರುತ್ತಾನೆ. ಕಪ್ಪಿಗೆ ಒಂದು ಕುದುರೆ ಲಾಭ.

ಅಂದರೆ ಎಚ್6 ಕೆಟ್ಟ ನಡೆಯಲ್ಲ. ಒಂದು ನಡೆ ಬೇಗ ಬಂತು. ನಿಮ್ಮ ಮಗಳಿಗೆ ನಡೆಗಳು ನೆನಪಿದ್ದವು, ಯಾವುದು ಮೊದಲು ಅನ್ನುವುದು ತಪ್ಪಿತು. ಯಾಕೆ ಮೊದಲು ಅಂತ ಯಾರೂ ಹೇಳಿಕೊಡದಿದ್ದರೆ ತಪ್ಪದೇ ಇನ್ನೇನು?

ಪುಟ್ಟಿಯಪ್ಪ · 10:20

ಮೇಡಂ, ಕೈ ಮುಗಿಯುತ್ತೇನೆ. ಇಬ್ಬರೂ ಬೋರ್ಡ್ ಇಟ್ಟುಕೊಂಡು ನೋಡಿದೆವು. ಮಲಗಿದ್ದವಳು ಎದ್ದು ಬಂದಳು. ಕೋಚ್ ಕೊಟ್ಟ ಹಾಳೆ ತೆಗೆದು ನೋಡಿದರೆ "ಒಂ-ಡಿ6, ಆಮೇಲೆ ಎಚ್6" ಅಂತ ಸರಿಯಾಗಿಯೇ ಇದೆ. ಯಾಕೆ ಅಂತ ಒಂದಕ್ಷರವೂ ಇಲ್ಲ.

ಬಿಳಿಕಾಲಾಳು · 10:24

ನಾನು ಹೇಳಿದ್ದೂ ಅದೇ ತಾನೇ? ಬಾಯಿಪಾಠದ ಫಲ.

ಶಿವಮೊಗ್ಗದ_ಆಟಗಾರ್ತಿ · 10:29

@ಬಿಳಿಕಾಲಾಳು ಅಲ್ಲ, ನೀವು ಹೇಳಿದ್ದು ಓಪನಿಂಗೇ ಬೇಡ ಅಂತ. ನಾನು ಹೇಳುವುದು ಕಾರಣದ ಜೊತೆ ಕಲಿಯಲಿ ಅಂತ. ಎರಡೂ ಒಂದೇ ಅಲ್ಲ. ಇ5 ಆಡಿದರೆ ಬಲೆಗಳು ಕಮ್ಮಿಯಾ? ಎಫ್7 ಮೇಲೆ ಕುದುರೆ ಹಾರಿಸುವ ಹುಡುಗರನ್ನು ವಾರಕ್ಕೆ ನಾಲ್ಕು ಸಲ ನೋಡುತ್ತೇನೆ.

ಮೈಸೂರಜ್ಜ · ಸೋಮವಾರ ಬೆಳಿಗ್ಗೆ 6:15

ಆ ಆಟದ ಸುದ್ದಿ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಆಗ ನಾನು ಬ್ಯಾಂಕಿನಲ್ಲಿದ್ದೆ. ಕ್ಯಾಶ್ ಕೌಂಟರಿನ ಹಿಂದೆ ನಾಲ್ಕು ಜನ ಪೇಪರ್ ಹರಡಿಕೊಂಡು ನಿಂತಿದ್ದೆವು. ನಡೆಗಳನ್ನು ಅಚ್ಚು ಹಾಕಿದ್ದರು. ಊಟದ ಹೊತ್ತಿನಲ್ಲಿ ಡಬ್ಬಿ ಬದಿಗಿಟ್ಟು ಬೋರ್ಡ್ ಮೇಲೆ ಆಡಿ ನೋಡಿದರೆ ಐದು ನಿಮಿಷದಲ್ಲಿ ಮುಗಿದೇ ಹೋಯಿತು. "ಇಷ್ಟೇನಾ?" ಅಂತ ಒಬ್ಬರು ಕೇಳಿದರು. ಕಾಸ್ಪರೋವ್ ಸೋತರು ಅಂತಲ್ಲ, ಹೀಗೆ ಸೋತರು ಅಂತ ಸಂಕಟ. ಆ ಸಂಜೆ ಕ್ಲಬ್ಬಿನಲ್ಲಿ ಯಾರೂ ಆಡಲಿಲ್ಲ, ಬರೀ ಮಾತು.

ಮಗುವಿಗೆ ನನ್ನ ಆಶೀರ್ವಾದ ಹೇಳಿ.

ಕೋಡುಗಾರ · ಸಾನ್ ಹೋಸೆ · ಸೋಮವಾರ ಬೆಳಿಗ್ಗೆ 8:02

ಒಂದು ವಿಷಯ ಸೇರಿಸಬೇಕು. ಡೀಪ್ ಬ್ಲೂ ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ನೋಡುತ್ತಿತ್ತು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಆ ಎಂಟನೇ ನಡೆಯನ್ನು ಅದು ಲೆಕ್ಕ ಹಾಕಿ ಆಡಿದ್ದಲ್ಲ. ಅದರ ಓಪನಿಂಗ್ ಪುಸ್ತಕದಲ್ಲಿ ಇತ್ತು. ಪುಸ್ತಕ ತುಂಬಿದವರು ಗ್ರ್ಯಾಂಡ್‌ಮಾಸ್ಟರ್‌ಗಳು. ಐಬಿಎಂ ತಂಡದಲ್ಲಿ ಜೋಯೆಲ್ ಬೆಂಜಮಿನ್ ಇದ್ದರು, ಸ್ಪೇನ್‌ನ ಮಿಗೆಲ್ ಇಲೆಸ್ಕಾಸ್ ಇದ್ದರು. ಆ ಕುದುರೆ ಬಲಿಯನ್ನು ಆಟದ ದಿನ ಬೆಳಿಗ್ಗೆಯೇ ಸೇರಿಸಿದ್ದೆವು ಅಂತ ಇಲೆಸ್ಕಾಸ್ ವರ್ಷಗಳ ನಂತರ ಸಂದರ್ಶನದಲ್ಲಿ ಹೇಳಿದ್ದಾರೆ. ಕಾಸ್ಪರೋವ್ ಎಚ್6 ಆಡಿದರೆ ಯೋಚಿಸಬೇಡ, ಹೊಡೆ ಅಂತ ಯಂತ್ರಕ್ಕೆ ಹೇಳಿಟ್ಟಿದ್ದರು.

ಅಂದರೆ ಅಲ್ಲಿ ಬಾಯಿಪಾಠ ಮಾಡಿದ್ದು ಯಂತ್ರ!

ಇಲ್ಲಿ ಹತ್ತಿರದ ಮೌಂಟನ್ ವ್ಯೂನಲ್ಲಿ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಇದೆ. ಡೀಪ್ ಬ್ಲೂನ ಒಂದು ಭಾಗ ಅಲ್ಲಿದೆ. ಆಳೆತ್ತರದ ಕಪ್ಪು ಬೀರು. ಮಗನನ್ನು ಕರೆದುಕೊಂಡು ಹೋಗಿದ್ದೆ. ಗಾಜಿನ ಮುಂದೆ ನಿಂತು "ಇದು ಈಗ ಯಾರ ಜೊತೆ ಆಡುತ್ತೆ?" ಅಂತ ಕೇಳಿದ. ಯಾರ ಜೊತೆಗೂ ಇಲ್ಲ ಅಂದೆ. ಅವನಿಗೆ ಅದು ತುಂಬಾ ಬೇಜಾರಾಯಿತು.

ಬಿಳಿಕಾಲಾಳು · 8:30

ಹಾಗಾದರೆ ಮೋಸ ಅಲ್ವಾ ಅದು? ಅವತ್ತು ಬೆಳಿಗ್ಗೆ ಸೇರಿಸಿ ಸಂಜೆ ಗೆದ್ದರೆ?

ಕಪ್ಪುಕುದುರೆ · 8:41

@ಬಿಳಿಕಾಲಾಳು ಮೋಸ ಎಲ್ಲಿ ಬಂತು? ಪ್ರತಿಯೊಬ್ಬ ಆಟಗಾರನೂ ಆಟದ ದಿನ ಬೆಳಿಗ್ಗೆ ತಯಾರಿ ಮಾಡುತ್ತಾನೆ. ಆ ಬಲಿ ಹೊಸದೂ ಅಲ್ಲ. ಸೋವಿಯತ್ ಗ್ರ್ಯಾಂಡ್‌ಮಾಸ್ಟರ್ ಗೆಲ್ಲರ್ 1986ರಲ್ಲೇ ಆಡಿ ಗೆದ್ದಿದ್ದರು. ಕಾಸ್ಪರೋವ್‌ಗೆ ಅದು ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ.

ಮತ್ತೆ ಯಾಕೆ ಆಡಿದರು? ಇದರಲ್ಲಿ ಎರಡು ವಾದ ಇವೆ. ಒಂದು, ಪುಟ್ಟಿಯಪ್ಪ ಅವರ ಮಗಳ ಹಾಗೆ ನಡೆಗಳ ಕ್ರಮ ತಪ್ಪಿತು. ಇನ್ನೊಂದು, ಬೇಕಂತಲೇ ಆಡಿದರು. ಆ ಕಾಲದ ಕಂಪ್ಯೂಟರ್‌ಗಳಿಗೆ ಕಾಯಿಯ ಆಸೆ ಜಾಸ್ತಿ. ಕಣ್ಣಿಗೆ ಕಾಣುವ ಲಾಭವಿಲ್ಲದೆ ಕುದುರೆ ಬಿಡುತ್ತಿರಲಿಲ್ಲ. ಯಂತ್ರ ಕುದುರೆಯನ್ನು ಹಿಂದಕ್ಕೆ ಇ4ಕ್ಕೆ ಒಯ್ಯುತ್ತದೆ, ನಾನು ಆರಾಮಾಗಿ ಆಡುತ್ತೇನೆ ಅಂದುಕೊಂಡರು ಅಂತ. ನನಗೆ ಎರಡನೆಯದೇ ಸರಿ ಅನಿಸುತ್ತದೆ. ಆ ಪಂದ್ಯಾವಳಿ ಪೂರ್ತಿ ಅವರು ಯಂತ್ರವನ್ನು ಪುಸ್ತಕದಿಂದ ಹೊರಗೆ ಎಳೆಯುವುದಕ್ಕೆ ನೋಡುತ್ತಿದ್ದರು. ಮೂರನೇ ಆಟದಲ್ಲಿ ಬಿಳಿ ಕಾಯಿ ಹಿಡಿದು ಮೊದಲ ನಡೆಗೇ ಡಿ3 ಆಡಿದವರು! ಕಾಸ್ಪರೋವ್ ಅಂದರೆ ಸಿಸಿಲಿಯನ್. ಕೊನೆಯ ಆಟಕ್ಕೆ ಅದನ್ನು ಬಿಟ್ಟು, ಹುಡುಗನಾಗಿದ್ದಾಗ ಆಡಿದ್ದ ಕ್ಯಾರೋ-ಕಾನ್‌ಗೆ ಬಂದರು.

ಎರಡುಗಂಟೆಬಸ್ಸು · 9:15

ಚೆಸ್ ಜಾಸ್ತಿ ಗೊತ್ತಿಲ್ಲ, ನಾನೂ ಟೂರ್ನಿ ಅಮ್ಮ. ಪುಟ್ಟಿಯಪ್ಪ ಅಣ್ಣಾ, ಆ ಬಸ್ಸಿನ ಮೌನ ನನಗೆ ಗೊತ್ತು. ನನ್ನ ಮಗ ಸೋತು ಬಂದರೆ ನಾನು ಆಟದ ಮಾತೇ ಎತ್ತುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಒಂದು ಮಸಾಲೆ ದೋಸೆ. ತಿಂದು ಕೈ ತೊಳೆದುಕೊಂಡು ಬಂದು ತಾನೇ ಶುರು ಮಾಡುತ್ತಾನೆ, "ಅಮ್ಮಾ, ಅಲ್ಲಿ ಆನೆ ನಡೆಸಬೇಕಿತ್ತು" ಅಂತ.

ಒಂದು ಮಾತು. ನಾಲ್ಕನೇ ಸುತ್ತು ಸೋತದ್ದಕ್ಕಿಂತ ಐದನೆಯದನ್ನೂ ಸೋತಳು ಅಂದಿರಲ್ಲ, ನನಗೆ ಅದು ತಟ್ಟಿತು. ಒಂದು ಸೋಲು ಇನ್ನೊಂದನ್ನು ಎಳೆದು ತರುತ್ತದೆ.

ಕಪ್ಪುಕುದುರೆ · 9:26

@ಎರಡುಗಂಟೆಬಸ್ಸು ನಿಜ ಅಕ್ಕಾ. ಕಾಸ್ಪರೋವ್‌ಗೂ ಹಾಗೇ ಆಯಿತು. ಮೊದಲ ಆಟ ಗೆದ್ದಿದ್ದರು. ಎರಡನೆಯದರಲ್ಲಿ 45ನೇ ನಡೆಗೆ ಕೈ ಚೆಲ್ಲಿದರು. ಆಮೇಲೆ ನೋಡಿದರೆ ಅಲ್ಲಿ ಡ್ರಾಗೆ ದಾರಿ ಇತ್ತು. ಒಬ್ಬರಿಗೆ ಇದಕ್ಕಿಂತ ನೋವು ಬೇರೆ ಬೇಕಾ? ಆಮೇಲಿನ ಮೂರೂ ಡ್ರಾ. ಆರನೆಯದಕ್ಕೆ ಕೂತಾಗ ಎರಡನೆಯದು ತಲೆಯಿಂದ ಹೋಗಿರಲಿಲ್ಲ ಅಂತ ನನ್ನ ನಂಬಿಕೆ.

ಅದೇ ಗುಕೇಶ್ ನೋಡಿ. 2024ರಲ್ಲಿ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನ ಮೊದಲ ಆಟವನ್ನೇ ಬಿಳಿ ಕಾಯಿಯಲ್ಲಿ ಸೋತರು. ಎದುರಾಳಿ, ಆಗಿನ ಚಾಂಪಿಯನ್ ಡಿಂಗ್ ಲಿರೆನ್ ಫ್ರೆಂಚ್ ಡಿಫೆನ್ಸ್ ಅನ್ನುವ ಓಪನಿಂಗ್ ಆಡಿದ್ದರು. ಗುಕೇಶ್ ಮೂರನೇ ಆಟ ಗೆದ್ದು ಸಮ ಮಾಡಿದರು. ಕೊನೆಗೆ 7.5–6.5ಕ್ಕೆ ಗೆದ್ದು ಚಾಂಪಿಯನ್ ಆದರು. ಆಗ 18 ವರ್ಷ. ಮಗಳಿಗೆ ಆ ಮೊದಲ ಆಟ ತೋರಿಸಿ, ಗೆದ್ದದ್ದನ್ನು ಎಲ್ಲರೂ ತೋರಿಸುತ್ತಾರೆ.

ಸುಮ್ನೆ_ಓದೋನು · 9:50

ಶಿವಮೊಗ್ಗದ ಮೇಡಂ "ಮಂತ್ರಿ" ಅಂತಾರೆ, ನಮ್ಮ ಮಕ್ಕಳೆಲ್ಲ "ರಾಣಿ" ಅಂತಾರೆ. ಯಾವುದು ಸರಿ?

ಮೈಸೂರಜ್ಜ · 10:05

ಮಂತ್ರಿ. ರಾಜನ ಪಕ್ಕ ದಂಡಿನಲ್ಲಿ ಮಂತ್ರಿ ಇರುವುದು ನಮ್ಮ ಆಟ. ರಾಣಿ ಬಂದದ್ದು ಯುರೋಪಿನಿಂದ. ನಮ್ಮ ತಂದೆ ಆಡುತ್ತಿದ್ದ ಆಟದ ನಿಯಮವೂ ಬೇರೆ ಇತ್ತು. ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯಬೇಕು. ಕ್ಯಾಸ್ಲಿಂಗ್ ಇಲ್ಲ. ಅದರ ಬದಲು ರಾಜ ಚೆಕ್ ಬೀಳುವ ಮುಂಚೆ ಒಂದೇ ಒಂದು ಸಲ ಕುದುರೆ ಹಾಗೆ ಜಿಗಿಯಬಹುದು. ಆ ನಿಯಮ ಇದ್ದಿದ್ದರೆ ಕಾಸ್ಪರೋವ್ ಜಿ6ರ ಚೆಕ್‌ನಿಂದ ಜಿಗಿದು ಪಾರಾಗುತ್ತಿದ್ದರು.

ಬಿಳಿಕಾಲಾಳು · 10:11

ಅಜ್ಜಾ, ಚೆಕ್ ಬೀಳುವ ಮುಂಚೆ ಅಂತ ನೀವೇ ಹೇಳಿದಿರಿ. ಜಿ6ರದ್ದು ಚೆಕ್ಕೇ ಅಲ್ವಾ?

ಮೈಸೂರಜ್ಜ · 10:20

ಹೌದು ಮಾರಾಯ, ಸರಿ ಹೇಳಿದೆ. ಎಂಟನೇ ನಡೆಗೇ ಜಿಗಿಯಬೇಕಿತ್ತು.

ಕುದುರೆ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಕುದುರೆ ನಡಿಗೆಯ ಹುಚ್ಚು. ಒಂದೇ ಕುದುರೆ 64 ಮನೆಯನ್ನೂ ಒಂದೊಂದೇ ಸಲ ಮುಟ್ಟಿ ಬರಬೇಕು, ಎರಡನೇ ಸಲ ಯಾವ ಮನೆಗೂ ಕಾಲಿಡಬಾರದು. ಅಂಥ ಲೆಕ್ಕಗಳನ್ನು ಅವರೇ ಕಟ್ಟಿದ್ದರು. ಅವರು ತೀರಿಕೊಂಡದ್ದು 1868ರಲ್ಲಿ. ಅದೇ ಮೈಸೂರಿನ ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದದ್ದು. ಅವತ್ತು ನಾನು ಬೀದಿಯವರಿಗೆಲ್ಲ ಮೈಸೂರು ಪಾಕ್ ಹಂಚಿದ್ದೆ.

ಶಿವಮೊಗ್ಗದ_ಆಟಗಾರ್ತಿ · 10:32

ಅಜ್ಜಾ, ಮರುವರ್ಷ ನಮ್ಮ ಶಿವಮೊಗ್ಗದ ಸ್ಟ್ಯಾನಿ ಗ್ರ್ಯಾಂಡ್‌ಮಾಸ್ಟರ್ ಆದರು. ಅದನ್ನೂ ಬರೆಯಿರಿ! ಇಲ್ಲೂ ಸಿಹಿ ಹಂಚಿದ್ದೇವೆ.

ಕೋಡುಗಾರ · 11:10

ಮತ್ತೆ ಆಟಕ್ಕೆ ಬರೋಣ. ಎಲ್ಲರೂ ಏಳನೇ ನಡೆ ಬಗ್ಗೆಯೇ ಮಾತಾಡುತ್ತಿದ್ದೀರಿ. ನನಗೆ ಕಾಸ್ಪರೋವ್ ಅವರ 11ನೇ ನಡೆ ಜಾಸ್ತಿ ಬೇಸರ ತರಿಸುತ್ತದೆ. ಅವರು ಕುದುರೆಯನ್ನು ಕೂಡಲೇ ಹೊಡೆಯಲಿಲ್ಲ. ಮೊದಲು ಮಂತ್ರಿಯನ್ನು ಇ7ಕ್ಕೆ ತಂದರು. ಬಿಳಿ ಕ್ಯಾಸ್ಲಿಂಗ್ ಮಾಡಿತು. ಆಮೇಲೆ ಹೊಡೆದರು, ಜಿ6ರಿಂದ ಚೆಕ್ ಬಿತ್ತು, ರಾಜ ಡಿ8ಕ್ಕೆ. ಈಗ ಇ7ರಲ್ಲಿ ಮಂತ್ರಿಯೇ ಕೂತು ತನ್ನ ಒಂಟೆಗೆ ಬಾಗಿಲು ಹಾಕಿದೆ. ಅಂಥ ಹೊತ್ತಿನಲ್ಲಿ 11ನೇ ನಡೆಗೆ ಬಿ5! ಬಿಳಿ ಎ4 ನೂಕಿತು. ರಾಜ ಅಡಗಿಕೊಳ್ಳಬೇಕಾದ ಕಡೆಯೇ ಗೋಡೆ ಒಡೆಯಿತು.

ಕೊನೆ ಸ್ಥಿತಿ ನೋಡಿದರೆ ವಿಚಿತ್ರ. 17ಕ್ಕೆ ಬಿಳಿ ಒಂಟೆ ಎಫ್5ರಲ್ಲಿ ಬಲಿ. ಇ ಸಾಲು ತೆರೆಯಿತು, ಆನೆ ಬಂದು ಮಂತ್ರಿಯನ್ನು ಹೊಡೆಯಿತು, ಕಪ್ಪು ಒಂಟೆ ಆ ಆನೆಯನ್ನು ಹೊಡೆಯಿತು. 19. ಸಿ4. ಅಲ್ಲಿಗೆ ಕಾಸ್ಪರೋವ್ ಎದ್ದರು. ಆ ಹೊತ್ತಿಗೆ ಕಾಯಿಗಳ ಅಂಕ ಎಣಿಸಿ ನೋಡಿ. ಮಂತ್ರಿಗೆ 9, ಆನೆಗೆ 5, ಒಂಟೆ ಕುದುರೆಗೆ 3, ಕಾಲಾಳಿಗೆ 1. ಬಿಳಿಗೆ 26, ಕಪ್ಪಿಗೆ 27. ಲೆಕ್ಕದಲ್ಲಿ ಕಪ್ಪೇ ಮುಂದೆ!

ಎರಡುಗಂಟೆಬಸ್ಸು · 11:18

ಮುಂದೆ ಇದ್ದೂ ಸೋಲೊಪ್ಪಿದರಾ? ಯಾಕೆ?

ಶಿವಮೊಗ್ಗದ_ಆಟಗಾರ್ತಿ · 11:35

ಅಕ್ಕಾ, ಮನೆಯಲ್ಲಿ ಹತ್ತು ಜನ ಇದ್ದು ಬೆಂಕಿ ಬಿದ್ದಾಗ ಎಂಟು ಜನ ಕೋಣೆಯೊಳಗೆ ಚಿಲಕ ಹಾಕಿಕೊಂಡಿದ್ದರೆ ಏನು ಪ್ರಯೋಜನ? ಕಪ್ಪಿನ ಎರಡೂ ಆನೆ ಹುಟ್ಟಿದ ಮೂಲೆಯಲ್ಲೇ ಇವೆ, ಒಂದು ಸಲವೂ ನಡೆದಿಲ್ಲ. ರಾಜ ಸಿ8ರಲ್ಲಿ ಗಾಳಿಗೆ ನಿಂತಿದ್ದಾನೆ. ಸಿ4 ಬಂದ ಮೇಲೆ ಅವನ ಮುಂದಿನ ಸಾಲುಗಳೂ ತೆರೆಯುತ್ತವೆ. ಬಿಳಿಯ ಮಂತ್ರಿ, ಆನೆ, ಒಂಟೆ ಮೂರೂ ಅವನ ಕಡೆಗೇ.

ಮಕ್ಕಳಿಗೆ ಈ ಆಟ ತೋರಿಸುವಾಗ ನಾನು ಮೊದಲು ಕೊನೆ ಸ್ಥಿತಿ ಇಡುತ್ತೇನೆ. "ಕಾಯಿ ಎಣಿಸಿ, ಯಾರು ಗೆಲ್ಲುತ್ತಾರೆ?" ಅಂತ ಕೇಳಿದರೆ ಎಲ್ಲರೂ ಕಪ್ಪು ಅನ್ನುತ್ತಾರೆ. ಒಂದು ಹುಡುಗಿ ಮಾತ್ರ ಒಂದು ಸಲ, "ಮಿಸ್, ಕಪ್ಪಿನ ಆನೆಗಳು ಇನ್ನೂ ನಿದ್ದೆ ಮಾಡ್ತಿವೆ" ಅಂದಳು. ಅವತ್ತು ನನಗೆ ಊಟ ಸೇರಲಿಲ್ಲ, ಅಷ್ಟು ಸಂತೋಷ.

ಬಿಳಿಕಾಲಾಳು · 12:02

ಸರಿ, ಒಪ್ಪಿದೆ, ಕಾರಣ ಸಮೇತ ಕಲಿಸಿದರೆ ಓಪನಿಂಗ್ ಕಲಿಯಲಿ. ಆದರೆ ಇದೇ ಸಾಲು ಯಾಕೆ? ನಾಲ್ಕನೇ ನಡೆಗೆ ಕುದುರೆ ಡಿ7 ಅಂದರೆ ಒಂಟೆಯ ದಾರಿಗೆ ತಾನೇ ಅಡ್ಡ ನಿಂತ ಹಾಗೆ. ಕ್ಯಾರೋ-ಕಾನ್‌ನಲ್ಲೇ ಒಂಟೆ ಎಫ್5 ಆಡಬಹುದು. ಒಂಟೆ ಹೊರಗೆ ಬಂತು, ಎದುರಿನ ಕುದುರೆಗೆ ಹೊಡೆತವೂ ಕೊಟ್ಟಿತು. ಇಲ್ಲಾ ಕುದುರೆ ಎಫ್6 ಆಡಿ, ಅವನು ಹೊಡೆದರೆ ಇ ಕಾಲಾಳಿನಿಂದ ವಾಪಸ್ ಹೊಡೆಯಲಿ. ಈಗ ದೊಡ್ಡವರೂ ಅದನ್ನು ಆಡುತ್ತಿದ್ದಾರೆ. ರಾಜನ ಮುಂದೆ ಗಟ್ಟಿ ಬೇಲಿ.

ಕಪ್ಪುಕುದುರೆ · 12:20

@ಬಿಳಿಕಾಲಾಳು ಒಳ್ಳೆಯ ಸಲಹೆ, ಇದಕ್ಕೆ ಜಗಳ ಇಲ್ಲ. ಆದರೆ ಕುದುರೆ ಡಿ7 ಕೆಟ್ಟದ್ದು ಅನ್ನಬೇಡಿ. ವಿಶ್ವ ಚಾಂಪಿಯನ್ ಆಗಿದ್ದ ಕಾರ್ಪೋವ್ ವರ್ಷಗಟ್ಟಲೆ ಅನ್ನ ತಿಂದ ಸಾಲು ಅದು. 1993ರಲ್ಲಿ ಡಾರ್ಟ್ಮುಂಡ್‌ನಲ್ಲಿ ಕಾಮ್ಸ್ಕಿ ವಿರುದ್ಧ ಆಡಿದ್ದನ್ನು ನೋಡಿ. ಸರಿಯಾದ ಕ್ರಮ: 7ಕ್ಕೆ ಒಂಟೆ ಡಿ6, ಬಿಳಿ ಮಂತ್ರಿ ಇ2, ಎಚ್6, ಕುದುರೆ ಇ4. ಕಪ್ಪು ಕುದುರೆ ಆ ಕುದುರೆಯನ್ನು ಹೊಡೆಯಿತು, ಬಿಳಿ ಮಂತ್ರಿ ಇ4ರಲ್ಲಿ ವಾಪಸ್ ಹೊಡೆಯಿತು. ಇನ್ನೊಂದು ಕುದುರೆ ಎಫ್6ಕ್ಕೆ ಬಂದು ಮಂತ್ರಿಯನ್ನು ಓಡಿಸಿತು, ಮಂತ್ರಿ ಎಚ್4ಕ್ಕೆ. ಈಗ 11ನೇ ನಡೆಗೆ ಕಾರ್ಪೋವ್ ಆಡಿದ್ದು ರಾಜ ಇ7. ತಾನಾಗಿ!

ಯಾಕೆ ಗೊತ್ತಾ? ಕಪ್ಪಿಗೆ ಜಿ5 ನೂಕಿ ಬಿಳಿ ಮಂತ್ರಿಯನ್ನು ಅಟ್ಟಬೇಕು. ರಾಜ ಇ8ರಲ್ಲೇ ಇದ್ದರೆ ಆಗುವುದಿಲ್ಲ. ಬಿಳಿ ಕುದುರೆ ಜಿ5ರಲ್ಲಿ ಹೊಡೆಯುತ್ತದೆ, ಎಚ್ ಕಾಲಾಳು ವಾಪಸ್ ಹೊಡೆದರೆ ಬಿಳಿ ಮಂತ್ರಿ ನೇರ ಎಚ್8ರ ಆನೆಯನ್ನು ನುಂಗುತ್ತದೆ. ರಾಜ ಒಂದು ಮನೆ ಮುಂದೆ ಬಂದರೆ ಡಿ8ರ ಕಪ್ಪು ಮಂತ್ರಿಗೆ ಎಚ್8ರವರೆಗೂ ದಾರಿ ಬಿಡುಗಡೆ. ಆನೆಗೆ ಕಾವಲು ಸಿಕ್ಕಿತು. ರಾಜ ಬಾಗಿಲಿನಿಂದ ಪಕ್ಕಕ್ಕೆ ಸರಿದು ಮಂತ್ರಿಗೆ ದಾರಿ ಕೊಟ್ಟ ಹಾಗೆ.

ಶಿವಮೊಗ್ಗದ_ಆಟಗಾರ್ತಿ · 12:41

ಬಹಳ ಚೆನ್ನಾಗಿ ಹೇಳಿದಿರಿ. ಪುಟ್ಟಿಯಪ್ಪ ಅವರೇ, ಇದೇ ಸಾಲಿನಲ್ಲಿ ಇನ್ನೆರಡು ಗುಂಡಿ ಇವೆ, ಮಗಳಿಗೆ ತೋರಿಸಿಬಿಡಿ. ಬಿಳಿ ಐದಕ್ಕೆ ಕುದುರೆ ಜಿ5 ಆಡಿದ ಕೂಡಲೇ ಎಚ್6 ನೂಕಿದರೆ ಇನ್ನೂ ಘೋರ. ಕುದುರೆ ಇ6ಕ್ಕೆ ಹಾರುತ್ತದೆ. ಹೊಡೆದರೆ ಮಂತ್ರಿ ಎಚ್5 ಚೆಕ್, ಕಾಲಾಳು ಜಿ6 ಅಡ್ಡ, ಮಂತ್ರಿ ಅದನ್ನು ಹೊಡೆದು ಮೇಟ್. ಇನ್ನೊಂದು, ಬಿಳಿ ಐದಕ್ಕೆ ಮಂತ್ರಿ ಇ2 ಆಡಿದರೆ ಜಿ8ರ ಕುದುರೆಯನ್ನು ಎಫ್6ಕ್ಕೆ ತರಬಾರದು. ಕುದುರೆ ಡಿ6ಕ್ಕೆ ಬಂದು ಆಗಲೇ ಮೇಟ್. ಇ ಕಾಲಾಳು ಹೊಡೆಯೋಣ ಅಂದರೆ ಮಂತ್ರಿಯ ಎದುರು ಕಟ್ಟಿಬಿದ್ದಿರುತ್ತದೆ. ಆರು ನಡೆಗೆ ಮನೆಗೆ!

ಎರಡುಗಂಟೆಬಸ್ಸು · 1:05

ಇದನ್ನು ನನ್ನ ಮಗನಿಗೂ ತೋರಿಸುತ್ತೇನೆ. ಅವನು ಬಿಳಿ ಕಾಯಿಯವನು 😊

ಪುಟ್ಟಿಯಪ್ಪ · ಮುಂದಿನ ಭಾನುವಾರ ರಾತ್ರಿ 8:47

ಎಲ್ಲರಿಗೂ ಹೇಳಲೇಬೇಕು ಅಂತ ಬಂದೆ. ಕೋಚ್‌ಗೆ ಸದ್ಯಕ್ಕೆ ಓಪನಿಂಗ್ ಬದಲಿಸುವುದು ಬೇಡ ಅಂದೆವು. ವಾರ ಪೂರ್ತಿ ಸ್ಕೂಲಿನಿಂದ ಬಂದು ಬೋರ್ಡ್ ಮುಂದೆ ಕೂತಳು. ಕಾರ್ಪೋವ್ ಆಟವನ್ನು ನನಗೇ ಪಾಠ ಮಾಡಿದಳು. "ಅಪ್ಪಾ, ರಾಜ ಇಲ್ಲಿ ಯಾಕೆ ಬಂದ ಹೇಳು" ಅಂತ ಕೇಳಿ, ನಾನು ತಡವರಿಸಿದರೆ ಮತ್ತೆ ಮೊದಲಿನಿಂದ.

ಇವತ್ತು ಅರಸೀಕೆರೆಯಲ್ಲಿ ಆಡಿದಳು. ಎರಡನೇ ಸುತ್ತಿಗೆ ಕಪ್ಪು ಕಾಯಿ, ಎದುರಿಗೆ ಇವಳಿಗಿಂತ ಎರಡು ವರ್ಷ ದೊಡ್ಡ ಹುಡುಗಿ. ಇ4, ಸಿ6. ನಾನು ಹಗ್ಗದ ಆಚೆ ನಿಂತಿದ್ದೆ, ಬೋರ್ಡ್ ಅರ್ಧ ಕಾಣುತ್ತಿತ್ತು. ಏಳಕ್ಕೆ ಒಂಟೆ ಡಿ6 ಆಡಿ ಬರೆದುಕೊಂಡಳು. ಮಂತ್ರಿ ಇ2 ಬಂತು, ಎಚ್6 ನೂಕಿದಳು. ಎದುರಿನವಳು ಕುದುರೆ ಹಿಡಿದಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅದು ಇ4ಕ್ಕೆ ಹಿಂದೆ ಹೋಯಿತು. ಆಮೇಲೆ ಕಪ್ಪುಕುದುರೆ ಸರ್ ಬರೆದ ಹಾಗೇ ನಡೆಯುತ್ತಾ ಮಂತ್ರಿ ಎಚ್4ಕ್ಕೆ ಬಂದಿತು. ಇವಳು ಒಂಬತ್ತು ನಿಮಿಷ ಕೂತಳು. ಗೊತ್ತಿದ್ದ ನಡೆ, ಆದರೂ ಒಂಬತ್ತು ನಿಮಿಷ. ಆಮೇಲೆ ರಾಜನನ್ನು ಎತ್ತಿ ಇ7ರಲ್ಲಿ ಇಟ್ಟು ಗಡಿಯಾರ ಒತ್ತಿದಳು.

ಕೊನೆಗೆ 44 ನಡೆಗೆ ಡ್ರಾ. ಒಂಬತ್ತು ನಿಮಿಷ ಏನು ಯೋಚನೆ ಮಾಡಿದೆ ಅಂತ ಬಸ್ಸಿನಲ್ಲಿ ಕೇಳಿದೆ. "ಹೋದ ವಾರ ಅವನು ನನ್ನ ರಾಜನನ್ನು ಇಲ್ಲಿಗೇ ಓಡಿಸಿದ್ದ. ಇವತ್ತು ನಾನೇ ಕರ್ಕೊಂಡು ಬಂದೆ. ಎಲ್ಲಾ ಸರಿ ಇದೆಯಾ ಅಂತ ಎಣಿಸಿದೆ" ಅಂದಳು. ಶೀಟಿನಲ್ಲಿ ಅಕ್ಷರ ಕೊನೆವರೆಗೂ ಒಂದೇ ಅಳತೆ.

ಮೈಸೂರಜ್ಜ · 8:59

ಕಣ್ಣು ತುಂಬಿ ಬಂತು ಮಗು.

ಬಿಳಿಕಾಲಾಳು · 9:03

ನನ್ನ ಕಡೆಯಿಂದ ಶಭಾಷ್ ಹೇಳಿ ಸರ್. ಸಂತೋಷ ಆಯಿತು. ದಿನಾ ಹತ್ತು ಟ್ಯಾಕ್ಟಿಕ್ಸ್ ಬಿಡಿಸುವುದನ್ನು ಮಾತ್ರ ನಿಲ್ಲಿಸಬೇಡಿ.

ಶಿವಮೊಗ್ಗದ_ಆಟಗಾರ್ತಿ · 9:10

ಆ ಶೀಟಿನ ಎಲ್ಲಾ 44 ನಡೆ ಇಲ್ಲಿ ಹಾಕಿ. 11 ಆದ ಮೇಲೆ ಆ ಹುಡುಗಿ ಕುದುರೆ ಇ5 ಆಡಿದಳಾ, ಇಲ್ಲಾ ಮಂತ್ರಿಯನ್ನು ಹಿಂದೆ ತೆಗೆದಳಾ? ನಾಳೆ ನನ್ನ ಕ್ಲಾಸಿಗೆ ಬೇಕು.